ಒಂದು ಹಲ್ಲು ಕಿತ್ತ ಇಸವಿ: ಇಸ್ತಾಂಬುಲ್‌ನಲ್ಲಿ ಹಳೆಯ ನಮಾಜಿನ ರತ್ನಗಂಬಳಿ ಕೊಳ್ಳುವವರಿಗೆ

ಇಸ್ತಾಂಬುಲ್‌ಗೆ ಹೋಗಿ ಹಳೆಯ ‘ಸೆಜ್ಜಾದೆ’ಯನ್ನು, ಅಂದರೆ ನಮಾಜಿನ ರತ್ನಗಂಬಳಿಯನ್ನು, ತರಬೇಕೆಂದುಕೊಂಡಿರುವವರು ನಾನು ಮೋಸಹೋದ ಬಗೆಯನ್ನು ಮೊದಲು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ತೆತ್ತದ್ದು 2,40,000 ರೂಪಾಯಿ.

ನವಲಗುಂದದ ಜಮಖಾನೆಗಳನ್ನು ನೋಡುತ್ತಲೇ ಬೆಳೆದವನಾದ್ದರಿಂದ ನೇಯ್ಗೆಯ ವಿಷಯದಲ್ಲಿ ನನ್ನ ಕಣ್ಣಿನ ಮೇಲೆ ನನಗೆ ಅತಿಯಾದ ನಂಬಿಕೆಯಿತ್ತು. ಆದರೆ ಜಮಖಾನೆಯಲ್ಲಿ ಇರುವುದು ಹಾಸು ಮತ್ತು ಹೊಕ್ಕು ಮಾತ್ರ. ಅನಾತೋಲಿಯದ, ಅಂದರೆ ಟರ್ಕಿಯ ಏಷ್ಯಾ ಭಾಗದ, ರತ್ನಗಂಬಳಿಯಲ್ಲಿ ಇವೆರಡರ ಜೊತೆಗೆ ಗಂಟೂ ಇದೆ. ಹಾಸಿನ ಎರಡು ದಾರಗಳನ್ನು ಸುತ್ತಿ, ಉಣ್ಣೆಯ ಎರಡೂ ತುದಿಗಳನ್ನು ಅವುಗಳ ನಡುವಿನಿಂದ ಮೇಲೆತ್ತುವ ಆ ಗಂಟಿಗೆ ಮನಿಸಾ ಪ್ರಾಂತದ ಗೋರ್ದೆಸ್ ಎಂಬ ಊರಿನದೇ ಹೆಸರು. ಹೀಗೆ ಕಟ್ಟಿದ್ದನ್ನು ಕಿತ್ತು, ಅದೇ ಜಾಗದಲ್ಲಿ ಬೇರೆ ಬಣ್ಣದ ಗಂಟು ಹಾಕಬಹುದೆಂಬುದು ನನಗೆ ಹೊಳೆಯಲೇ ಇಲ್ಲ.

ಅಂಗಡಿಯವರು ಸೇಬಿನ ಚಹಾ ಕೊಟ್ಟು, ಒಂದರ ಮೇಲೊಂದು ಕಂಬಳಿ ಬಿಚ್ಚಿ ಹಾಸಿ, ಕೊನೆಗೆ ಒಳಕೋಣೆಯಿಂದ ‘ಗೋರ್ದೆಸಿನದು’ ಎನ್ನುತ್ತ ಒಂದನ್ನು ತಂದರು. ನಡುವೆ ಮಾಸಿದ ಕೆಂಪು, ಮೇಲೆ ಮಿಹ್ರಾಬಿನ (ಮಸೀದಿಯಲ್ಲಿ ಮೆಕ್ಕಾದ ದಿಕ್ಕು ತೋರುವ ಗೂಡಿನ) ಕಮಾನು, ಅದರಿಂದ ಇಳಿಬಿದ್ದ ದೀಪ. ಕಮಾನಿನ ಪಕ್ಕದಲ್ಲಿ ಅರಬ್ಬಿ ಅಂಕಿಗಳಲ್ಲಿ ಹಿಜರಿ 1227, ಅಂದರೆ ಕ್ರಿ.ಶ. 1812. ನೇಯ್ದವಳೇ ಇಸವಿ ಹಾಕಿರುವಾಗ ಬೇರೆ ಸಾಕ್ಷಿ ಏತಕ್ಕೆ ಎಂದು ಅವರು ಕೇಳಿದರು, ನಾನೂ ತಲೆಯಾಡಿಸಿದೆ. ಬಿಲ್ಲಿನಲ್ಲಿ ಮಾತ್ರ ‘ಕೈನೇಯ್ಗೆಯ ಹೊಸ ಕಂಬಳಿ’ ಎಂದು ಬರೆದು, ಕಸ್ಟಮ್ಸ್‌ನಲ್ಲಿ ತೊಂದರೆಯಾಗದಿರಲೆಂದು ಹೀಗೆ ಮಾಡುತ್ತೇವೆ ಎಂದರು.

ಊರಿಗೆ ಬಂದು ಅಂಚಿನ ಕಲೆಯೊಂದನ್ನು ಒದ್ದೆಯಾದ ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆಗೆ ಗುಲಾಬಿ ಬಣ್ಣ ಹತ್ತಿತು. ಇದನ್ನು ಅಂಗಡಿಯಲ್ಲೇ ಮಾಡಬೇಕಿತ್ತು; ಬೇಡವೆನ್ನುವ ವ್ಯಾಪಾರಿಯ ಮುಂದಿನಿಂದ ಚಹಾ ಅರ್ಧಕ್ಕೇ ಬಿಟ್ಟು ಎದ್ದುಬನ್ನಿ.

ಬೆಂಗಳೂರಿನಲ್ಲಿ ರತ್ನಗಂಬಳಿ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಮುಖವನ್ನು ನೋಡದೆ ಮಗುಚಿ ಹಾಕಿ, ಇಸವಿಯ ಬೆನ್ನ ಮೇಲೆ ಬೆರಳಾಡಿಸಿದರು. ಅರಬ್ಬಿ ಬರಹದ ಮೂರಕ್ಕೂ (٣) ಎರಡಕ್ಕೂ (٢) ಇರುವ ವ್ಯತ್ಯಾಸ ಒಂದೇ ಒಂದು ಹಲ್ಲು. ಆ ಹಲ್ಲು ಇರಬೇಕಾದ ಜಾಗದ ಕೆಲವು ಗಂಟುಗಳು ಉಳಿದವುಗಳಂತೆ ಸವೆದು ಚಪ್ಪಟೆಯಾಗಿರದೆ, ಹೊಸ ಉಣ್ಣೆಯಿಂದ ಉಬ್ಬಿಕೊಂಡಿದ್ದವು. ನೇಯ್ದವಳು ಹಾಕಿದ್ದು 1327, ಅಂದರೆ 1909. ಕೆಲವೇ ಗಂಟುಗಳ ಕೆಲಸಕ್ಕೆ 97 ವರ್ಷ!

ಬಳಿಕ ಅವರು ಉಣ್ಣೆಯನ್ನು ಬೆರಳಿನಿಂದ ಬಿಡಿಸಿದರು: ತುದಿಯಲ್ಲಿ ಮಾಸಿದ ಇಟ್ಟಿಗೆ ಬಣ್ಣ, ಬುಡದಲ್ಲಿ ಕಣ್ಣು ಕುಕ್ಕುವ ಗುಲಾಬಿ. ಹಳೆಯ ಅನಾತೋಲಿಯದ ಕೆಂಪು ನಮ್ಮ ಮಂಜಿಷ್ಠದ ಜಾತಿಯ ಗಿಡದ ಬೇರಿನಿಂದ ಬಂದದ್ದು. ಅದು ಮಾಗುತ್ತದೆಯೇ ಹೊರತು ಬುಡಕ್ಕೂ ತುದಿಗೂ ಇಷ್ಟೊಂದು ಬೇರೆಯಾಗುವುದಿಲ್ಲ. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಪರ್ಕಿನ್ ಕೃತಕ ಬಣ್ಣವನ್ನು ಕಂಡುಹಿಡಿದದ್ದೇ 1856ರಲ್ಲಿ, ಆದ್ದರಿಂದ 1812ರ ಕಂಬಳಿಗೆ ಈ ಗುಲಾಬಿ ಬಂದಿರಲು ಸಾಧ್ಯವೇ ಇಲ್ಲ. ಗೋರ್ದೆಸ್ ಮಾದರಿಯ ನಕಲುಗಳನ್ನು ಟರ್ಕಿಯ ಬೇರೆ ಊರುಗಳಾದ ಬಂದಿರ್ಮಾ, ಕೈಸೇರಿಗಳಲ್ಲಿ ನೇಯುತ್ತಿದ್ದರು, ಇದೂ ಅಂಥದ್ದೇ ಇರಬೇಕು ಎಂಬುದು ಅವರ ಅಂದಾಜು.

ದುಡ್ಡಿನ ಸಂಕಟ ಇದ್ದೇ ಇದೆ. ಆದರೂ ತಾನು ನೇಯ್ದ ವರ್ಷವನ್ನು ಅಷ್ಟು ಶ್ರದ್ಧೆಯಿಂದ ಗಂಟು ಹಾಕಿದ ಹೆಂಗಸಿನ ಅಂಕಿಯನ್ನು ಚಿಮಟಿಗೆಯಿಂದ ಕಿತ್ತವನನ್ನು ನೆನೆದಾಗ ಬರುವ ಸಿಟ್ಟು ಬೇರೆಯೇ; ಹಾಗೇ ಬಿಟ್ಟಿದ್ದರೂ ಅದು ಶತಮಾನ ದಾಟಿದ ಚೆಲುವಾದ ವಸ್ತುವೇ ಆಗಿತ್ತು.

ಆ ಬಿಲ್ಲಿನ ಅರ್ಥ ತಿಳಿದದ್ದು ಕಡೆಗೆ. ಟರ್ಕಿಯ 1983ರ 2863ನೇ ಕಾಯ್ದೆ ಪುರಾತನ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯುವುದನ್ನು ನಿಷೇಧಿಸುತ್ತದೆ. ಹಳೆಯದಾಗಿ ಕಾಣುವ ಕಂಬಳಿಗೆ ಅಲ್ಲಿನ ವಸ್ತುಸಂಗ್ರಹಾಲಯದ ಪ್ರಮಾಣಪತ್ರ ಬೇಕಾಗುತ್ತದೆ. ಇನ್ನೂರು ವರ್ಷದ್ದೆಂದು ಬಾಯಲ್ಲಿ ಹೇಳಿ, ಹೊಸದೆಂದು ಬರೆದುಕೊಡುವವನು ಖರೀದಿದಾರನ ಕೈಯನ್ನೇ ಕಟ್ಟುತ್ತಿರುತ್ತಾನೆ. ಹಳೆಯದೆಂದು ನಂಬಿ ಕೊಂಡೆ ಎಂದು ನಾನು ದೂರು ಕೊಟ್ಟರೆ, ಪುರಾತನ ವಸ್ತುವನ್ನು ಪತ್ರವಿಲ್ಲದೆ ಸಾಗಿಸಲು ಹೊರಟಿದ್ದೆ ಎಂದು ಒಪ್ಪಿಕೊಂಡಂತೆ. ಆದರೂ ಅಂಗಡಿಗೆ ಇಮೇಲ್ ಬರೆದೆ. ಮರುದಿನವೇ ಬಂದ ಉತ್ತರದಲ್ಲಿ ಒಂದು ಸಾಲು ಮಾತ್ರ ಇತ್ತು: ದಯವಿಟ್ಟು ಬಿಲ್ ನೋಡಿ, ನಾವು ತಮಗೆ ಹೊಸ ಕಂಬಳಿಯನ್ನೇ ಮಾರಿದ್ದೇವೆ.