ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬೋಟ್ ಜೊತೆ ಬ್ರೂವರಿ ಕಾಂಬೊ ಟಿಕೆಟ್: ಕೊಳ್ಳುವ ಮೊದಲು ಇದನ್ನು ಓದಿ

ನಾಲ್ಕು ಜನಕ್ಕೆ 184 ಯೂರೋ ಕೊಟ್ಟು ಕಾಂಬೊ ಟಿಕೆಟ್ ತಗೊಂಡೆ. ಕಾಲುವೆಯಲ್ಲಿ ಬೋಟ್ ಸುತ್ತಾಟ, ಆಮೇಲೆ ಹೈನೆಕೆನ್ ಕಂಪನಿಯ ಹಳೇ ಬ್ರೂವರಿ (ಬಿಯರ್ ಕಾರ್ಖಾನೆ) ನೋಡುವುದು, ಎರಡೂ ಸೇರಿ ಒಂದೇ ಟಿಕೆಟ್. ಎರಡನ್ನೂ ನೋಡಿದ್ದು ಕೊನೆಗೆ ನಾನೊಬ್ಬನೇ, ಅದೂ ಅರ್ಧಂಬರ್ಧ. 71 ವರ್ಷದ ನನ್ನ ಅಪ್ಪ ಆ ಟಿಕೆಟ್‌ನಿಂದಾಗಿ ಚಳಿಗಾಳಿಯಲ್ಲಿ ಒಂದೂವರೆ ಗಂಟೆಗಿಂತ ಜಾಸ್ತಿ ಕಾದರು. ದುಡ್ಡಿನ ಬೇಜಾರು ಹೋಯ್ತು. ಅವರನ್ನು ಹಾಗೆ ನಿಲ್ಲಿಸಿದ ಬೇಜಾರು ಮಾತ್ರ ಇನ್ನೂ ಹೋಗಿಲ್ಲ. ಇನ್ನೊಂದು ಮನೆಯವರಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಇದು 2024ರ ಮೇ ತಿಂಗಳ ಮಾತು. ನನ್ನ ಹೆಂಡತಿಯ ಅಣ್ಣ ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೇನ್‌ನಲ್ಲಿದ್ದಾರೆ. ಅಲ್ಲಿ ನಮ್ಮ ದೇಶದವರು ಬಹಳ ಇದ್ದಾರೆ, ನಿಮ್ಮಲ್ಲೂ ಎಷ್ಟೋ ಜನರ ಮಕ್ಕಳು ಅಲ್ಲೇ ಇರಬಹುದು. ಮಕ್ಕಳ ಮನೆ ಇದೆ ಅಂತ ವಯಸ್ಸಾದವರನ್ನು ಕರೆದುಕೊಂಡು ಹೋಗುತ್ತೇವೆ, ಅಲ್ವಾ? ನಾವೂ ಹಾಗೇ ಹೋದೆವು. ನಾನು, ಹೆಂಡತಿ, 12 ವರ್ಷದ ಮಗಳು, ಅಪ್ಪ.

ರಾತ್ರಿ ಊಟ ಮುಗಿಸಿ ಮೊಬೈಲ್‌ನಲ್ಲಿ ಟಿಕೆಟ್ ಹುಡುಕಿದೆ. ಮೊದಲು ಬಂದ ಲಿಂಕ್ ಒತ್ತಿದೆ. ಬೋಟ್ ಕಂಪನಿಯದ್ದೋ ಬ್ರೂವರಿಯದ್ದೋ ಸ್ವಂತ ವೆಬ್‌ಸೈಟ್ ಇರಬೇಕು ಅಂದುಕೊಂಡಿದ್ದೆ. ಅಲ್ಲ. ಬೇರೆಯವರ ಟಿಕೆಟ್ ತಂದು ಮಾರುವ ಮಧ್ಯವರ್ತಿಯದ್ದು. ಹಳೇ ಬೆಲೆಗೆ ಕೆಂಪು ಗೀಟು ಹಾಕಿ, ಪಕ್ಕದಲ್ಲಿ 46 ಯೂರೋ ಅಂತ ದಪ್ಪಕ್ಷರದಲ್ಲಿ ಹಾಕಿದ್ದರು. ‘ಕ್ಯೂನಲ್ಲಿ ನಿಲ್ಲಬೇಕಿಲ್ಲ’ ಅಂತಲೂ ಇತ್ತು. ಮಕ್ಕಳಿಗೆ ಬೇರೆ ದರ ಇರಲಿಲ್ಲ. ನಾಲ್ಕು ಜನ ಅಂತ ಒತ್ತಿದರೆ ನಾಲ್ಕಕ್ಕೂ ಕಾಂಬೊ.

ಹೆಂಡತಿ ಪಕ್ಕದಲ್ಲೇ ಕೂತಿದ್ದಳು. "ರೀ, ಮಾವ ಕುಡಿಯಲ್ಲ, ನಾನೂ ಕುಡಿಯಲ್ಲ. ಪುಟ್ಟಿಗಂತೂ ಕೊಡೋದೇ ಇಲ್ಲ. ನಾಲ್ಕು ಜನಕ್ಕೂ ಬ್ರೂವರಿ ಯಾಕೆ?" ಅಂದಳು. ಸೇರಿಸಿ ತಗೊಂಡ್ರೆ ಕಡಿಮೆ ಬೀಳುತ್ತೆ ಅಂತ ನಾನು ಅಂದೆ. ಬೇರೆ ಬೇರೆ ತಗೊಂಡರೆ ಎಷ್ಟು ಅಂತ ನೋಡಲೇ ಇಲ್ಲ. ಇಡೀ ವಿಷಯದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ. ಅವಳ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಿದ್ದರೆ ಮುಂದಿನದ್ದೇನೂ ಆಗುತ್ತಿರಲಿಲ್ಲ.

ಬ್ರೂವರಿಗೆ ಮಾತ್ರ ಸಮಯ ಆರಿಸಬೇಕಿತ್ತು. ಮಧ್ಯಾಹ್ನ 3 ಗಂಟೆ ಆರಿಸಿದೆ. ಬೋಟ್‌ಗೆ ‘ಯಾವಾಗ ಬೇಕಾದರೂ’ ಅಂತ ಇತ್ತು. ಹಾಗಾದರೆ 12 ಗಂಟೆಗೆ ಹೋಗಿ ಬೋಟ್ ಹತ್ತಿ, ಎಲ್ಲಾದರೂ ಊಟ ಮಾಡಿ, ಆರಾಮಾಗಿ ಬ್ರೂವರಿಗೆ ಹೋದರಾಯ್ತು ಅಂತ ನನ್ನ ಲೆಕ್ಕ.

ಮರುದಿನ ಟ್ರಾಮ್ ಹಿಡಿದು, ಆಮೇಲೆ 52ನೇ ನಂಬರ್ ಮೆಟ್ರೊ ಹಿಡಿದು ಸೆಂಟ್ರಾಲ್ ನಿಲ್ದಾಣಕ್ಕೆ ಬಂದೆವು. ದಾರಿಯಲ್ಲಿ ಫೈಜಲ್‌ಗ್ರಾಕ್ಟ್ ಅನ್ನುವ ನಿಲ್ದಾಣ ಬಂತು, ಹೋಯ್ತು. ಬ್ರೂವರಿ ಇರುವುದು ಅದರ ಹತ್ತಿರ. ಆಗ ನನಗೆ ಅದು ಗೊತ್ತಿರಲಿಲ್ಲ.

ಸೆಂಟ್ರಾಲ್ ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗೇ ಡಾಮ್‌ರಾಕ್ ಅನ್ನುವ ರಸ್ತೆ. ಅಲ್ಲಿ ಬೇರೆ ಬೇರೆ ಕಂಪನಿಗಳ ಜೆಟ್ಟಿಗಳಿವೆ, ಅಂದರೆ ಬೋಟ್ ಹತ್ತುವ ಕಟ್ಟೆಗಳು. ಒಂದೊಂದಕ್ಕೂ ಒಂದೊಂದು ಬೋರ್ಡ್. ನಮ್ಮ ಮೊಬೈಲ್‌ನಲ್ಲಿದ್ದ ಹೆಸರು ಯಾವ ಬೋರ್ಡಿನಲ್ಲೂ ಇರಲಿಲ್ಲ, ಯಾಕೆಂದರೆ ಅದು ಮಾರಿದವರ ಹೆಸರು, ಬೋಟ್ ಓಡಿಸುವವರದ್ದಲ್ಲ. ಮೊದಲ ಜೆಟ್ಟಿಯಲ್ಲಿ ನಮ್ಮದಲ್ಲ ಅಂದರು. ಎರಡನೆಯದರಲ್ಲಿ ಹುಡುಗಿ ಕೋಡ್ ಸ್ಕ್ಯಾನ್ ಮಾಡಿ ನೋಡಿದಳು. ಪಾಪ, ಸಮಾಧಾನದಿಂದಲೇ ಹೇಳಿದಳು: ಇದು ಟಿಕೆಟ್ ಅಲ್ಲ, ವೋಚರ್. ಬೇರೆ ಕೌಂಟರ್‌ನಲ್ಲಿ ಕೊಟ್ಟು ಟಿಕೆಟ್ ಮಾಡಿಸಿಕೊಂಡು ಬರಬೇಕು.

ಆ ಕೌಂಟರ್ ರಸ್ತೆಯ ಆಚೆ. ಅಲ್ಲಿ ಉದ್ದದ ಕ್ಯೂ. ಕ್ಯೂ ಬೇಡ ಅಂತ ಜಾಸ್ತಿ ದುಡ್ಡು ಕೊಟ್ಟವರೆಲ್ಲ ಆ ಕ್ಯೂನಲ್ಲಿದ್ದರು. ನಮಗೆ ಬಿಸಿಲು ಕಂಡರೂ ಮೇ ತಿಂಗಳಲ್ಲಿ ಅಲ್ಲಿ ನೀರಿನ ಕಡೆಯಿಂದ ಗಾಳಿ ಬೀಸಿದರೆ ಕಿವಿ ಮರಗಟ್ಟುತ್ತದೆ. ಅಪ್ಪ ಮಂಕಿ ಕ್ಯಾಪ್ ಮನೆಯಲ್ಲೇ ಬಿಟ್ಟು ಬಂದಿದ್ದರು. ಹೆಂಡತಿ ತನ್ನ ಶಾಲು ತೆಗೆದು ಅವರ ಕಿವಿಗೆ ಸುತ್ತಿದಳು. ಕೂರಲು ಜಾಗ ಇರಲಿಲ್ಲ. ಒಂದು ಕಾಲಿನ ಭಾರ ಇನ್ನೊಂದು ಕಾಲಿಗೆ ಹಾಕುತ್ತಾ, ಪ್ರತಿ ಸಲ ನಾನು ತಿರುಗಿ ನೋಡಿದಾಗಲೂ "ಪರವಾಗಿಲ್ಲ ಮಗಾ, ನಿಂತಿದೀನಿ" ಅನ್ನುತ್ತಿದ್ದರು.

ನಲವತ್ತು ನಿಮಿಷವಾದ ಮೇಲೆ ಟಿಕೆಟ್ ಕೈಗೆ ಬಂತು. ಆದರೆ ಸೀಟು ಸಿಕ್ಕಿದ್ದು 2:15ರ ಬೋಟ್‌ನಲ್ಲಿ. ಸುತ್ತಾಟ 75 ನಿಮಿಷ. ವಾಪಸ್ ಬರುವ ಹೊತ್ತಿಗೆ 3:30. ಬ್ರೂವರಿಯ ಸಮಯ 3:00. ಅದು ಅಲ್ಲಿಂದ ಎರಡು ಕಿಲೋಮೀಟರ್‌ಗೂ ಜಾಸ್ತಿ ದೂರ. ‘ಯಾವಾಗ ಬೇಕಾದರೂ’ ಅಂದರೆ ಜಾಗ ಖಾಲಿ ಇದ್ದಾಗ ಅಂತ ಅರ್ಥ. ಇದು ಆಗ ಗೊತ್ತಾಯ್ತು.

ಅಪ್ಪನಿಗೆ ಬೋಟ್ ಇಷ್ಟ, ಬೋಟ್‌ಗೇ ಹೋಗೋಣ ಅಂದೆ. ಮತ್ತೆ ಕಾದೆವು.

ಬೋಟ್ ಬಗ್ಗೆ ನನ್ನ ದೂರಿಲ್ಲ. ಅದನ್ನು ಖಂಡಿತ ನೋಡಬೇಕು. ಹೇರೆನ್‌ಗ್ರಾಕ್ಟ್, ಕೈಜರ್ಸ್‌ಗ್ರಾಕ್ಟ್, ಪ್ರಿನ್ಸೆನ್‌ಗ್ರಾಕ್ಟ್ ಅಂತ 17ನೇ ಶತಮಾನದಲ್ಲಿ ತೋಡಿದ ಕಾಲುವೆಗಳು ಊರನ್ನು ಬಳಸಿಕೊಂಡಿವೆ. 2010ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಎರಡೂ ಕಡೆ ಕಿರಿದಾದ, ಎತ್ತರದ ಮನೆಗಳು. ಒಂದೊಂದರ ನೆತ್ತಿಯಲ್ಲೂ ಒಂದು ತೊಲೆ ಹೊರಗೆ ಚಾಚಿ, ತುದಿಯಲ್ಲಿ ಕೊಕ್ಕೆ. ಮೆಟ್ಟಿಲು ಇಕ್ಕಟ್ಟು, ಅದಕ್ಕೇ ಮಂಚ ಬೀರುಗಳನ್ನು ಹಗ್ಗ ಕಟ್ಟಿ ಹೊರಗಿನಿಂದ ಎಳೆದು ಕಿಟಕಿಯಲ್ಲಿ ಒಳಗೆ ತಗೊಳ್ಳುತ್ತಾರೆ. ಈ ಮನೆಗಳೆಲ್ಲ ಕೆಸರಿನಲ್ಲಿ ಹೂತ ಮರದ ಕಂಬಗಳ ಮೇಲೆ ನಿಂತಿವೆ. ಡಾಮ್ ಚೌಕದ ಅರಮನೆಯೊಂದಕ್ಕೇ 13,659 ಕಂಬಗಳು. ಮಗಳು ಹೆಡ್‌ಫೋನ್‌ನಲ್ಲಿ ಕೇಳಿ ಇದನ್ನು ತಾತನಿಗೆ ಹೇಳಿದಳು. ಅಪ್ಪ ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಮೂವತ್ತು ವರ್ಷ ಮರಗೆಲಸ ಮಾಡಿದವರು. ತಕ್ಷಣ ಗಾಜಿಗೆ ಮುಖ ಒತ್ತಿ ನೀರಿನ ಮಟ್ಟ ನೋಡಿದರು. "ನೀರೊಳಗೆ ಮುಳುಗಿರೋ ಮರ ಕೊಳೆಯಲ್ಲ ಪುಟ್ಟೀ. ನೀರು ಇಳಿದು ಗಾಳಿ ತಾಗ್ತಲ್ಲ, ಅಲ್ಲೇ ಕೊಳೆಯೋದು. ಇವರು ನೀರಿನ ಮಟ್ಟ ಇಳಿಯೋಕೆ ಬಿಡಲ್ಲ ಅಂತ ಕಾಣುತ್ತೆ." ಅಷ್ಟು ಹೊತ್ತು ನಿಂತ ಆಯಾಸ ಆ ಐದು ನಿಮಿಷ ಮುಖದಲ್ಲಿ ಇರಲಿಲ್ಲ.

ಇಳಿದ ಕೂಡಲೇ ಓಟ. ಊಟ ಇಲ್ಲ. ಬೆಳಿಗ್ಗೆ ಬಂದ ಮೆಟ್ರೊದಲ್ಲೇ ಹಿಂದಕ್ಕೆ ಹೋಗಿ, ಬೆಳಿಗ್ಗೆ ದಾಟಿ ಬಂದ ಫೈಜಲ್‌ಗ್ರಾಕ್ಟ್‌ನಲ್ಲೇ ಇಳಿದೆವು. ಬ್ರೂವರಿ ಬಾಗಿಲಿಗೆ ಬಂದಾಗ 4 ಗಂಟೆ. ಅಲ್ಲಿಯವರ ತಪ್ಪೇನೂ ಇಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ನಮ್ಮ ಸಮಯ ಮೀರಿತ್ತು. ಆದರೂ ಬಾಗಿಲಲ್ಲಿದ್ದವರು ನೋಡಿ, 5:15ಕ್ಕೆ ಜಾಗ ಇದೆ, ಆಗ ಬನ್ನಿ ಅಂದರು. ಇನ್ನೂ ಒಂದೂಕಾಲು ಗಂಟೆ.

ಅಪ್ಪನ ಕೈಲಿ ಆಗುತ್ತಿರಲಿಲ್ಲ. ಹತ್ತಿರದ ಚೌಕದಲ್ಲಿ ಬೆಂಚಿನ ಮೇಲೆ ಕೂರಿಸಿದೆವು. ಪಕ್ಕದಲ್ಲೇ ಆಲ್ಬರ್ಟ್ ಕೈಪ್ ಸಂತೆ ಬೀದಿ ಇದೆ. ಭಾನುವಾರ ಬಿಟ್ಟು ದಿನಾ ಇರುತ್ತದೆ. ಅಂಗಡಿ ಮುಚ್ಚುವ ಹೊತ್ತಿಗೆ ಮಗಳೂ ನಾನೂ ಓಡಿ ಬಿಸಿ ಸ್ಟ್ರೂಪ್‌ವಾಫೆಲ್ ತಂದೆವು. ನಡುವೆ ಪಾಕ ಹಾಕಿದ ತೆಳ್ಳಗಿನ ದೋಸೆಯಂಥ ಬಿಸ್ಕತ್ತು. ಅವತ್ತಿನ ಮಧ್ಯಾಹ್ನದ ಊಟ ಅದೇ. 5:15 ಆದಾಗ ಯಾರಿಗೂ ಒಳಗೆ ಹೋಗುವ ಮನಸ್ಸಿರಲಿಲ್ಲ. "ನೀನಾದ್ರೂ ಹೋಗಿ ಬಾ. ಅಷ್ಟು ದುಡ್ಡು ಕೊಟ್ಟಿದೀಯ" ಅಂತ ಅಪ್ಪನೇ ಕಳಿಸಿದರು.

ಒಳಗೆ ಹೋದೆ. ಹೈನೆಕೆನ್‌ನ ಹಳೇ ಬ್ರೂವರಿ ಅದು, 1867ರ ಕಟ್ಟಡ. ದೊಡ್ಡ ದೊಡ್ಡ ತಾಮ್ರದ ಹಂಡೆಗಳು ಹೊಳೆಯುತ್ತವೆ. ಆದರೆ ಒಂದು ವಿಷಯ ಗೊತ್ತಿರಲಿ: ಅಲ್ಲಿ 1988ರಲ್ಲೇ ಬಿಯರ್ ತಯಾರಿ ನಿಂತಿದೆ. ಈಗ ಇರುವುದು ಆ ಕಂಪನಿಯ ಕಥೆ ಹೇಳುವ ಪ್ರದರ್ಶನ, ಕೊನೆಗೆ ಕುಡಿಯಲು ಬಿಯರ್. ಸ್ನೇಹಿತರ ಗುಂಪಿಗೆ ಚೆನ್ನಾಗಿಯೇ ಇರುತ್ತದೆ, ಒಂದೂವರೆ ಗಂಟೆ ಖುಷಿಯಾಗಿ ಕಳೆಯಬಹುದು. ನಿಜವಾಗಿ ಬಿಯರ್ ಮಾಡುವುದನ್ನು ನೋಡುತ್ತೇವೆ ಅಂದುಕೊಂಡು ಹೋಗಬೇಡಿ. ನಾನು ಅರ್ಧ ಗಂಟೆಯಲ್ಲಿ ಹೊರಗೆ ಬಂದೆ. ಹೊರಗೆ ಚಳಿಯಲ್ಲಿ ಮೂರು ಜನ ಕೂತಿರುವಾಗ ಕೈಯಲ್ಲಿ ಗ್ಲಾಸ್ ಹಿಡಿದು ನಿಲ್ಲಲು ಮನಸ್ಸಾಗಲಿಲ್ಲ.

ರಾತ್ರಿ ಭಾವ ಕೂತು ಲೆಕ್ಕ ಹಾಕಿದರು. ಅದೇ ದಿನ ಅದೇ ಬೋಟ್‌ಗೆ ನೇರವಾಗಿ ತಗೊಂಡಿದ್ದರೆ ಒಬ್ಬರಿಗೆ 17 ಯೂರೋ, ನಾಲ್ಕು ಜನಕ್ಕೆ 68. ಬ್ರೂವರಿಗೆ ನನ್ನೊಬ್ಬನದ್ದು 23. ಒಟ್ಟು 91. ನಾನು ಕೊಟ್ಟಿದ್ದು 184. ಸರಿಯಾಗಿ 93 ಯೂರೋ ಜಾಸ್ತಿ, ಆಗಿನ ಲೆಕ್ಕದಲ್ಲಿ 8,000 ರೂಪಾಯಿ ದಾಟಿತು. ಇನ್ನೂ ಒಂದು ಮಾತು. ನಾಲ್ಕು ಜನವೂ ಎರಡನ್ನೂ ನೋಡುವವರೇ ಆಗಿದ್ದರೂ ಬೇರೆ ಬೇರೆ ತಗೊಂಡರೆ ಒಬ್ಬರಿಗೆ 40 ಯೂರೋ. ಕಾಂಬೊ 46. ಕೆಂಪು ಗೀಟಿನ ಉಳಿತಾಯ ಅಲ್ಲಿ ಇರಲೇ ಇಲ್ಲ.

ದುಡ್ಡು ವಾಪಸ್ ಕೇಳಿ ಮೂರು ಸಲ ಮೇಲ್ ಮಾಡಿದೆ. ಬಂದಿದ್ದು ಒಂದೇ ಉತ್ತರ: ಆಗಲ್ಲ. ಯುರೋಪಿನಲ್ಲಿ ಆನ್‌ಲೈನ್ ಕೊಂಡ ವಸ್ತುವನ್ನು 14 ದಿನದೊಳಗೆ ಬೇಡ ಅನ್ನಬಹುದು ಅಂತ ಕೇಳಿದ್ದೆ, ಅದೇ ಧೈರ್ಯದಲ್ಲಿದ್ದೆ. ಭಾವ ಕಾನೂನು ತೆಗೆದು ತೋರಿಸಿದರು. ಇಂಥ ದಿನ ಅಂತ ನಿಗದಿಯಾದ ಮನರಂಜನೆಯ ಟಿಕೆಟ್‌ಗಳಿಗೆ ಆ ಹಕ್ಕು ಇಲ್ಲ. ಮಾರುವವರು ತಾವಾಗಿ ರದ್ದು ಮಾಡುವ ಅವಕಾಶ ಕೊಟ್ಟಿದ್ದರೆ ಮಾತ್ರ ಉಂಟು. ಅದನ್ನು ದುಡ್ಡು ಕಟ್ಟುವ ಮೊದಲೇ ಓದಬೇಕು.

ಹಾಗಾದರೆ ಕಾಂಬೊ ತಗೊಳ್ಳಲೇಬಾರದಾ? ಹಾಗೆ ಹೇಳುವುದಿಲ್ಲ. ಗುಂಪಿನಲ್ಲಿ ಎಲ್ಲರೂ ಬಿಯರ್ ಇಷ್ಟಪಡುವವರಾಗಿ, ಬೋಟ್ ಮತ್ತು ಬ್ರೂವರಿ ಎರಡಕ್ಕೂ ಗಂಟೆ ಬರೆದ ಟಿಕೆಟ್ ಸಿಕ್ಕಿ, ಬೆಲೆ ಬೇರೆ ಬೇರೆಗಿಂತ ನಿಜವಾಗಿ ಕಡಿಮೆ ಇದ್ದರೆ ತಗೊಳ್ಳಿ. ಅದನ್ನೂ ಬೋಟ್‌ನವರ ಅಥವಾ ಬ್ರೂವರಿಯವರ ಸ್ವಂತ ವೆಬ್‌ಸೈಟ್‌ನಿಂದಲೇ ತಗೊಳ್ಳಿ. ಬೋಟ್ ಯಾವ ಜೆಟ್ಟಿಯಿಂದ ಹೊರಡುತ್ತದೆ ಅಂತ ಮ್ಯಾಪ್‌ನಲ್ಲಿ ನೋಡಿ. ಎಲ್ಲ ಬೋಟ್‌ಗಳೂ ಡಾಮ್‌ರಾಕ್‌ನಿಂದಲೇ ಹೊರಡುವುದಿಲ್ಲ. ಬ್ರೂವರಿ ಇರುವ ಸ್ಟಾಡ್‌ಹೌಡರ್ಸ್‌ಕಾಡೆ ರಸ್ತೆಯಲ್ಲೇ, ರೈಕ್ಸ್ ಮ್ಯೂಸಿಯಂ ಕಡೆಗೆ ಸ್ವಲ್ಪ ನಡೆದರೆ ಜೆಟ್ಟಿಗಳಿವೆ. ನಾವು ಅಲ್ಲಿ ಹತ್ತಿದ್ದರೆ ಊರಿನ ಈ ತುದಿಯಿಂದ ಆ ತುದಿಗೆ ಓಡುವುದು ತಪ್ಪುತ್ತಿತ್ತು. ಮತ್ತೆ, ನೀವು ಐ ಆಮ್‌ಸ್ಟರ್‌ಡ್ಯಾಮ್ ಸಿಟಿ ಕಾರ್ಡ್ ಅನ್ನುವ ಪ್ರವಾಸಿಗಳ ಪಾಸ್ ತಗೊಂಡಿದ್ದರೆ ಅದರಲ್ಲೇ ಒಂದು ಕಾಲುವೆ ಸುತ್ತಾಟ ಸೇರಿದೆ. ಕಾಂಬೊ ತಗೊಂಡರೆ ಬೋಟ್‌ಗೆ ಎರಡು ಸಲ ದುಡ್ಡು ಕೊಟ್ಟ ಹಾಗೆ.

ಮಕ್ಕಳಿದ್ದರೆ ಇನ್ನೂ ಯೋಚನೆ ಮಾಡಿ. ಆ ದೇಶದಲ್ಲಿ 2014ರಿಂದ 18 ತುಂಬದವರಿಗೆ ಬಿಯರ್ ಕೊಡುವ ಹಾಗಿಲ್ಲ. ಹನ್ನೆರಡು ವರ್ಷದ ಹುಡುಗಿಗೆ ಆ ಪ್ರದರ್ಶನದಲ್ಲಿ ಏನಿದೆ? ಆ ದುಡ್ಡಿಗೆ ಅವಳಿಗೆ ಇಷ್ಟವಾಗುವ ಬೇರೆ ಏನನ್ನಾದರೂ ತೋರಿಸಬಹುದಿತ್ತು. ಬಿಯರ್ ರುಚಿ ನೋಡಬೇಕು ಅನ್ನುವ ಒಬ್ಬರೋ ಇಬ್ಬರೋ ಇದ್ದರೆ ಊರಿನ ಪೂರ್ವಕ್ಕೆ ಡೆ ಗೊಯರ್ ಅನ್ನುವ ಗಾಳಿಗಿರಣಿ ಇದೆ. ಅದರ ಪಕ್ಕದಲ್ಲೇ 1985ರಲ್ಲಿ ಶುರುವಾದ ಸಣ್ಣ ಬ್ರೂವರಿ. ಅಲ್ಲಿ ಗ್ಲಾಸಿಗೆ ದುಡ್ಡು ಕೊಟ್ಟು ಕುಡಿಯಬಹುದು. ಮನೆಯವರು ಪಕ್ಕದಲ್ಲಿ ಕೂತು ಗಾಳಿಗಿರಣಿ ನೋಡಬಹುದು.

ಅಪ್ಪನಿಗೆ ಎರಡು ದಿನ ಮಂಡಿ ಊದಿತ್ತು. ಮೂರನೇ ದಿನ ಭಾವ ಅವರನ್ನು ಸೆಂಟ್ರಾಲ್ ನಿಲ್ದಾಣದ ಹಿಂಭಾಗಕ್ಕೆ ಕರೆದುಕೊಂಡು ಹೋದರು. ನಾನೂ ಹೋದೆ. ಅಲ್ಲಿ ಐ ಅನ್ನುವ ಅಗಲವಾದ ನೀರು. ಆಚೆ ದಡಕ್ಕೆ ಫೆರ್ರಿ ಓಡುತ್ತದೆ. ಟಿಕೆಟ್ಟೇ ಇಲ್ಲ, ಎಲ್ಲರಿಗೂ ಉಚಿತ. ಐದು ನಿಮಿಷದ ದಾರಿ. ಸೈಕಲ್‌ಗಳು, ಆಫೀಸಿಗೆ ಹೋಗುವವರು, ಮಕ್ಕಳ ತಳ್ಳುಗಾಡಿ, ಎಲ್ಲ ಒಟ್ಟಿಗೆ ನುಗ್ಗಿದವು. ಅಪ್ಪ ಕಂಬಿ ಹಿಡಿದು ನಿಂತರು. ತಲೆಗೆ ಈ ಸಲ ಮಂಕಿ ಕ್ಯಾಪ್ ಇತ್ತು.

"ನಮ್ಮ ಸಿಗಂದೂರು ಲಾಂಚ್ ಇದ್ದಂಗೇ ಇದೆಯಲ್ಲೋ" ಅಂದರು. ಆಚೆ ದಡ ಬಂತು. ಎಲ್ಲರೂ ಇಳಿದರು. ಅಪ್ಪ ನನ್ನ ಕಡೆ ತಿರುಗಿ, ಇಳಿಯದೆ ಹಾಗೇ ವಾಪಸ್ ಹೋಗಬಹುದಾ, ಬೈತಾರಾ ಅಂತ ಕೇಳಿದರು. ಯಾರೂ ಏನೂ ಅನ್ನಲ್ಲಪ್ಪ ಅಂದೆ. ಅವತ್ತು ಮೂರು ಸಲ ಹೋಗಿ ಬಂದೆವು.