ಎರಡು ಅಲ್ಯೂಮಿನಿಯಂ ಬಾಸ್, ಒಂದು ಮರದ್ದು: ಯಾವುದಕ್ಕೆ ಎಷ್ಟು ಕೊಡಬಹುದು?

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಜನವರಿ ಅಂದರೆ ಹೊರಗೆ ಹಿಮ, ಒಳಗೆ ಹೀಟರ್. ಹೀಟರ್ ಓಡಿ ಓಡಿ ಮನೆಯೊಳಗಿನ ಗಾಳಿ ಹಪ್ಪಳದ ಹಾಗೆ ಒಣಗಿಬಿಡುತ್ತದೆ. ನನ್ನ ಹಳೆಯ ಡಬಲ್ ಬಾಸ್‌ನ (ನಿಂತು ನುಡಿಸುವ, ಆಳೆತ್ತರದ ಪಿಟೀಲಿನಂಥ ವಾದ್ಯ) ಮೇಲ್ಹಲಗೆ ಇಂಥ ಜನವರಿಗಳಲ್ಲೇ ಎರಡು ಸಲ ಬಿರುಕು ಬಿಟ್ಟಿತು. ಎರಡನೇ ಸಲ ರಿಪೇರಿ ಬಿಲ್ ನೋಡಿದ ಮೇಲೆ ನಮ್ಮ ಬ್ಯಾಂಡಿನ ಡ್ರಮ್ಮರ್ ಹೇಳಿದ: "ಅಲ್ಯೂಮಿನಿಯಂದು ತಗೋ. ಒಡೆಯೋಕೆ ಮರವೇ ಇರಲ್ಲ."

ಅವನು ತಮಾಷೆಗೆ ಹೇಳಿದ್ದು. ನಾನು ಗಂಭೀರವಾಗಿ ಹುಡುಕತೊಡಗಿದೆ. ಆರು ವಾರದಲ್ಲಿ ಮೂರು ಬಾಸ್ ನೋಡಿದೆ, ನುಡಿಸಿದೆ. ಬಫಲೋ ಹತ್ತಿರ ಕನ್ನಡಿಯ ಹಾಗೆ ಹೊಳೆಯುವ ಅಲ್ಯೂಮಿನಿಯಂ ಬಾಸ್, ಕೇಳಿದ ಬೆಲೆ 7,500 ಡಾಲರ್. ಪೆನ್ಸಿಲ್ವೇನಿಯಾದ ಈರಿಯಲ್ಲಿ ಕಂದು ಬಣ್ಣ ಬಳಿದ ಅಲ್ಯೂಮಿನಿಯಂ ಬಾಸ್, 4,800. ಇಥಾಕಾದಲ್ಲಿ ಕೇ ಅನ್ನುವ ಕಂಪನಿಯ ಪ್ಲೈವುಡ್ ಬಾಸ್, 2,900. ಮೂರನೆಯದನ್ನು ಸುಮ್ನೆ ಹೋಲಿಕೆಗೆ ಇರಲಿ ಅಂತ ಸೇರಿಸಿಕೊಂಡೆ. ಅದೇ ಹೆಚ್ಚು ತಲೆ ತಿಂದಿತು.

ಅಲ್ಯೂಮಿನಿಯಂನಲ್ಲಿ ಬಾಸ್ ಮಾಡುವ ಯೋಚನೆ ಯಾರಿಗೆ ಬಂತು ಅಂತ ನನ್ನನ್ನು ಎಲ್ಲರೂ ಕೇಳುತ್ತಾರೆ. 1890ರ ದಶಕದಲ್ಲೇ ನೀಲ್ ಮೆರಿಲ್ ಅನ್ನುವವರು ಅಲ್ಯೂಮಿನಿಯಂ ಬುರುಡೆಯ ಮ್ಯಾಂಡೊಲಿನ್ ಮಾಡಿಸಿದ್ದರು. ಆಗ ಅದು ಹೊಸ ಲೋಹ. 1886ರಲ್ಲಿ ಚಾರ್ಲ್ಸ್ ಮಾರ್ಟಿನ್ ಹಾಲ್ ಕರೆಂಟ್ ಹರಿಸಿ ಅಲ್ಯೂಮಿನಿಯಂ ಬೇರ್ಪಡಿಸುವ ದಾರಿ ಕಂಡುಕೊಂಡ ಮೇಲೆ ಬೆಲೆ ಕುಸಿದಿತ್ತು, ಎಲ್ಲರೂ ಅದರಲ್ಲಿ ಏನಾದರೂ ಒಂದು ಮಾಡಿ ನೋಡುತ್ತಿದ್ದರು. ಬಾಸ್‌ನ ಕಥೆ 1930ರ ಆಸುಪಾಸಿನದು. ಮಿಷಿಗನ್‌ನ ಇಂಟರ್‌ಲೋಕನ್‌ನಲ್ಲಿ 1928ರಲ್ಲಿ ಸಂಗೀತ ಶಿಬಿರ ಕಟ್ಟಿದ ಜೋಸೆಫ್ ಮ್ಯಾಡಿ ವಿನ್ಯಾಸ ಮಾಡಿದರು, ಅಮೆರಿಕದ ಅಲ್ಯೂಮಿನಿಯಂ ಕಂಪನಿ ಅಲ್ಕೋವಾ ಬಫಲೋದಲ್ಲಿ ತಯಾರಿಸಿತು. ಪಿಟೀಲೂ ಬಂತು, ಬಾಸೂ ಬಂತು. ಮ್ಯಾಡಿ ಶಾಲಾ ಮಕ್ಕಳ ಆರ್ಕೆಸ್ಟ್ರಾಗಳಿಗಾಗಿ ಜೀವ ತೇದವರು. ಆರನೇ ಕ್ಲಾಸಿನ ಹುಡುಗರ ಕೈಗೆ ಒಂದು ಮರದ ಬಾಸ್ ಕೊಟ್ಟು ನೋಡಿ, ಲೋಹ ಯಾಕೆ ಅಂತ ನೀವೂ ಕೇಳುವುದಿಲ್ಲ.

ನಮ್ಮ ಕಡೆಗೂ ಇದರ ಒಂದು ಎಳೆ ಇದೆ. ಅಲ್ಕೋವಾ 1928ರಲ್ಲಿ ತನ್ನ ಹೊರದೇಶದ ವ್ಯವಹಾರವನ್ನು ಬೇರೆ ಕಂಪನಿ ಮಾಡಿತು. ಅದೇ ಮುಂದೆ ಆಲ್ಕನ್ ಆಯಿತು. ಬೆಳಗಾವಿಯಲ್ಲಿ ಕಾರ್ಖಾನೆ ಹಾಕಿದ ಇಂಡಾಲ್ (ಇಂಡಿಯನ್ ಅಲ್ಯೂಮಿನಿಯಂ ಕಂಪನಿ) ಆ ಆಲ್ಕನ್‌ನ ಕೂಸು. ನನ್ನ ಸೋದರಮಾವ ಅಲ್ಲೇ ಕೆಲಸ ಮಾಡಿ ರಿಟೈರ್ ಆದರು. ಫೋಟೋ ಕಳಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ: "ಶೀಟ್ ಎಷ್ಟು ಗೇಜು?"

ನೋಡಲು ಹೋದಾಗ ನನ್ನ ಚೀಲದಲ್ಲಿ ಇದ್ದದ್ದು ಇಷ್ಟು: ಟಾರ್ಚ್, ದಂತವೈದ್ಯರ ಕನ್ನಡಿಯಂಥ ಸಣ್ಣ ಕನ್ನಡಿ, ಫ್ರಿಜ್ ಮೇಲಿನ ಒಂದು ಅಯಸ್ಕಾಂತ, ಟ್ಯೂನರ್, ನನ್ನದೇ ಕಮಾನು. ಮೂರರಲ್ಲೂ ಎಫ್ ಶ್ರುತಿಯ ಒಂದೇ ಬ್ಲೂಸ್ ಹಾಡು ನುಡಿಸಿದೆ, ಫೋನನ್ನು ಒಂಬತ್ತು ಹತ್ತು ಅಡಿ ದೂರದಲ್ಲಿಟ್ಟು ರೆಕಾರ್ಡ್ ಮಾಡಿಕೊಂಡೆ. ನುಡಿಸುವವನ ಕಿವಿ ನಂಬಬಾರದು. ಬಾಸ್ ಹಿಂದೆ ನಿಂತವನಿಗೆ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ.

ಮೊದಲು ಹೊಳೆಯುವುದು. ಬಾಗಿಲು ತೆಗೆದ ಕೂಡಲೇ ಮನಸ್ಸು ಸೋತಿತು, ನಿಜ ಹೇಳುತ್ತೇನೆ. ವೇದಿಕೆಯ ಬೆಳಕಿನಲ್ಲಿ ಇದನ್ನು ಹಿಡಿದು ನಿಂತರೆ ಯಾರೂ ಗಾಯಕಿಯ ಕಡೆ ನೋಡುವುದಿಲ್ಲ. ಮಾಲೀಕರು "ಫ್ಯಾಕ್ಟರಿಯಿಂದ ಬಂದ ಹಾಗೇ ಇದೆ" ಅಂದರು. ಅಲ್ಲೇ ಅನುಮಾನ ಬಂತು. ಅಲ್ಕೋವಾ ಬಫಲೋದಲ್ಲಿ ಮಾಡಿದ ಬಾಸ್‌ಗಳಿಗೆ ಮರದ ಎಳೆಯ ಹಾಗೆ ಕಾಣುವ ಕಂದು ಬಣ್ಣ ಬಳಿಯುತ್ತಿದ್ದರು. ದೂರದಿಂದ ನೋಡಿದವರಿಗೆ ಲೋಹ ಅಂತ ಗೊತ್ತಾಗಬಾರದು ಅನ್ನುವುದೇ ಆಸೆ. ಆಮೇಲಿನ ಮಾಲೀಕರು ಬಣ್ಣ ಕೆರೆದು ಪಾಲಿಶ್ ಹೊಡೆಸಿದ್ದೇ ಜಾಸ್ತಿ. ಟಾರ್ಚ್ ಹಿಡಿದು ತಲೆಯ ಸುರುಳಿಯ ಒಳಮೂಲೆ ನೋಡಿದೆ. ಕಂದು ಬಣ್ಣದ ಚೂರು ಅಲ್ಲಿ ಇನ್ನೂ ಕೂತಿತ್ತು. ಮೇಲ್ಮೈಯಲ್ಲಿರುವ ಎಫ್ ಆಕಾರದ ತೂತಿನ ಒಳ ಅಂಚಿನಲ್ಲೂ ಒಂದು ಗೆರೆ. ತೋರಿಸಿದೆ. ಅವರು ಮೊದಲ ಸಲ ನೋಡಿದವರಂತೆ ನೋಡಿದರು. ಇರಬಹುದು, ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ.

ಪಾಲಿಶ್ ಮಾಡಿದ್ದರಿಂದ ಹೋದದ್ದು ಬಣ್ಣ ಮಾತ್ರ ಅಲ್ಲ. ಮಷಿನ್ ಹಿಡಿದು ಉಜ್ಜಿದವರು ಅಂಚುಗಳಲ್ಲಿ ಲೋಹವನ್ನೇ ಸವೆಸಿದ್ದರು. ಎಫ್ ತೂತಿನ ತುದಿ ಬೆರಳಿಗೆ ಬ್ಲೇಡಿನಂತೆ ಸಿಗುತ್ತಿತ್ತು. ಆದರೆ ಒಂದು ಒಳ್ಳೆಯದೂ ಇದೆ. ಬರೀ ಮೈ ಏನನ್ನೂ ಮುಚ್ಚಿಡುವುದಿಲ್ಲ. ಬೆನ್ನಿನ ಕೆಳಗಡೆ ಬೆಸುಗೆ ಹಾಕಿದ ಜಾಗ ಬೇರೆ ಬಿಳುಪಿನಲ್ಲಿ ಮಂಕಾಗಿ ಕಾಣುತ್ತಿತ್ತು. ಯಾವಾಗಲೋ ಬಿದ್ದು ಸೀಳಿದೆ, ಸೇರಿಸಿದ್ದಾರೆ. ಕೆಲಸ ಚೆನ್ನಾಗಿಯೇ ಇತ್ತು. ಅಲ್ಯೂಮಿನಿಯಂ ಬೆಸುಗೆ ಸುಲಭ ಅಲ್ಲ. ಲೋಹ 660 ಡಿಗ್ರಿಗೆ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಗೊತ್ತಿಲ್ಲದವರು ಕೈ ಹಾಕಿದರೆ ಪೊರೆ ಕರಗುವ ಮೊದಲೇ ತಗಡು ತೂತು.

ಈರಿಯದು ಎರಡನೆಯದು. ಮೊದಲ ನೋಟಕ್ಕೆ ಹಳೇ ಬಸ್ ಸ್ಟ್ಯಾಂಡಿನ ಬೆಂಚಿನ ಹಾಗಿತ್ತು. ಬಣ್ಣ ಭುಜದ ಬಳಿ ಎದ್ದುಹೋಗಿದೆ, ಹೊಟ್ಟೆಯ ಪಕ್ಕ ಎರಡು ನೆಗ್ಗು, ಒಂದು ಬಿರಡೆ ಬೇರೆ ಜಾತಿಯದು. ಆದರೆ ಕುತ್ತಿಗೆ, ತಲೆ ಎಲ್ಲವೂ ಮೂಲದ ಅಲ್ಯೂಮಿನಿಯಂ. ತಲೆಯನ್ನು ಬೆರಳಿನಿಂದ ತಟ್ಟಿದರೆ ಒಳಗೆ ಟೊಳ್ಳು ಅಂತ ಗೊತ್ತಾಗುತ್ತದೆ. ಕುತ್ತಿಗೆ ಮುರಿದು ಮರದ್ದು ಹಾಕಿಸಿಕೊಂಡಿದ್ದರೆ ನಾನು ಅಲ್ಲೇ ಸಾವಿರ ಡಾಲರ್ ಕಳೆಯುತ್ತಿದ್ದೆ.

ಬಣ್ಣ ಇದ್ದರೆ ಬೇರೆ ಥರದ ಕಷ್ಟ. ಅದರ ಕೆಳಗೆ ಕಾರಿಗೆ ಹಾಕುವ ಪುಟ್ಟಿ ತುಂಬಿದರೆ ಕಣ್ಣಿಗೆ ಕಾಣುವುದಿಲ್ಲ. ಇಲ್ಲಿ ಕಿವಿಯೇ ಕೆಲಸ ಮಾಡಬೇಕು. ಬೆರಳ ಗೆಣ್ಣಿನಿಂದ ಇಂಚಿಂಚು ತಟ್ಟುತ್ತಾ ಹೋದೆ. ಸಂತೆಯಲ್ಲಿ ಅಜ್ಜಿ ಗಡಿಗೆ ತಟ್ಟಿ ಕೊಳ್ಳುತ್ತಿದ್ದಳಲ್ಲ, ಅದೇ ವಿದ್ಯೆ. ಎಲ್ಲ ಕಡೆ ಠಣ್ ಅಂದದ್ದು ಎಡಗಡೆ ಕೆಳಮೂಲೆಯಲ್ಲಿ ದಬ್ ಅಂತು. ಅಂಗೈ ಅಗಲದ ಪುಟ್ಟಿ. ಅಯಸ್ಕಾಂತ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಅದನ್ನು ಮೈತುಂಬಾ ಆಡಿಸಿದೆ. ಎರಡು ಕಡೆ ಟಪ್ ಅಂತ ಕಚ್ಚಿತು. ಯಾರೋ ಆಮೇಲೆ ಹಾಕಿದ ಕಬ್ಬಿಣದ ಸ್ಕ್ರೂ. ಅದರ ಸುತ್ತ ಬಿಳಿ ಪುಡಿ ಎದ್ದಿತ್ತು. ತೇವ ಇರುವ ಕಡೆ ಕಬ್ಬಿಣ, ಅಲ್ಯೂಮಿನಿಯಂ ಒಂದನ್ನೊಂದು ಮುಟ್ಟಿಕೊಂಡಿದ್ದರೆ ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಂ. ಆ ಸ್ಕ್ರೂ ತೆಗೆಸಲೇಬೇಕು.

ಲೋಹದ ಬಾಸ್ ಎಲ್ಲವೂ ಬಫಲೋದ್ದಲ್ಲ ಅನ್ನುವುದೂ ನೆನಪಿರಲಿ. ಜರ್ಮನಿಯ ಫ್ರೆಟ್ಶ್ನರ್ ಹೆಸರಿನವೂ ಮಾರಾಟಕ್ಕೆ ಬರುತ್ತವೆ. ಅಲ್ಯೂಮಿನಿಯಂ ಕಂಡ ಕೂಡಲೇ "ಅಲ್ಕೋವಾ" ಅಂತ ಬೋರ್ಡ್ ತಗುಲಿಸುವವರಿದ್ದಾರೆ. ಮಾರುವವರು ಹೆಸರು ಹೇಳಿದರೆ, ಎಲ್ಲಿ ಬರೆದಿದೆ ತೋರಿಸಿ ಅನ್ನಬೇಕು.

ಇನ್ನು ಕೇ. ಇದರ ಗುರುತು ಹಿಡಿಯುವುದು ಎಲ್ಲಕ್ಕಿಂತ ಸುಲಭ. ಷಿಕಾಗೋದ ಕೇ ಕಂಪನಿ 1937ರಿಂದ 1960ರ ದಶಕದ ಕೊನೆಯವರೆಗೆ ಪ್ಲೈವುಡ್ ಬಾಸ್ ಮಾಡಿತು. ಎಫ್ ತೂತಿನೊಳಗೆ ಟಾರ್ಚ್ ಬಿಟ್ಟರೆ ಸೀರಿಯಲ್ ನಂಬರ್ ಸಿಗುತ್ತದೆ. ನಂಬರ್‌ಗೂ ವರ್ಷಕ್ಕೂ ಹೊಂದಿಸುವ ಪಟ್ಟಿಗಳಿವೆ. ಇದು 1940ರ ದಶಕದ ಕೊನೆಯದು. ಪಕ್ಕದ ಹಲಗೆಗಳ ಜೋಡಣೆ ಒಂದೂವರೆ ಗೇಣು ಉದ್ದಕ್ಕೆ ಬಿಟ್ಟುಕೊಂಡಿತ್ತು. ಅದಕ್ಕೆ ಸರಿಯಾದ ಅಂಟು, ಕ್ಲಾಂಪ್ ಸಾಕು. ಕುತ್ತಿಗೆ ಹೊಟ್ಟೆಗೆ ಸೇರುವ ಜಾಗದಲ್ಲಿ ಬಿರುಕಿಲ್ಲ. ಹಳೇ ಕೇ ಕೊಳ್ಳುವವರು ಮೊದಲು ನೋಡಬೇಕಾದ ಜಾಗ ಅದು.

ನುಡಿಸಿದಾಗ ಏನಾಯಿತು? ಬೆರಳಿನಿಂದ ಮೀಟುವಾಗ ಕೇಗೆ ಸಾಟಿಯಿಲ್ಲ. ಧಮ್ ಅಂತ ಎದ್ದು, ಅಷ್ಟೇ ಬೇಗ ಸರಿದು ಮುಂದಿನ ಸ್ವರಕ್ಕೆ ಜಾಗ ಬಿಡುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ನಾದ ಎದ್ದರೆ ಕೂರುವುದಿಲ್ಲ. ಲೋಹ ಕಂಪನವನ್ನು ಮರದಷ್ಟು ನುಂಗುವುದಿಲ್ಲ, ಹಾಗಾಗಿ ಹಿಂದಿನ ಸ್ವರದ ಬಾಲ ಮುಂದಿನದರ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಹೊಳೆಯುವ ಬಾಸ್‌ನಲ್ಲಿ ಉಕ್ಕಿನ ತಂತಿ ಇತ್ತು. ಎಲ್ಲಕ್ಕಿಂತ ತೆಳುವಾದ ಜಿ ತಂತಿಯಲ್ಲಿ ಮೇಲಕ್ಕೆ ಹೋದಂತೆ ತಟ್ಟೆ ಬಿದ್ದ ಹಾಗೆ ಕೇಳಿತು. ಕಮಾನು ಹಾಕಿದರೆ ಕೇಳುವುದೇ ಬೇಡ. ಈರಿಯದ್ದಕ್ಕೆ ಸಿಂಥೆಟಿಕ್ ತಂತಿ, ಒಳಗೆ ಯಾರೋ ಕಂಬಳಿಯಂಥ ಫೆಲ್ಟ್ ತುಂಡುಗಳನ್ನು ಅಂಟಿಸಿದ್ದರು. ಅದರ ನಾದ ಎಷ್ಟೋ ತಣ್ಣಗಿತ್ತು. ರೆಕಾರ್ಡಿಂಗನ್ನು ನನ್ನ ಹೆಂಡತಿಗೆ ಹೆಸರು ಹೇಳದೆ ಕೇಳಿಸಿದೆ. ಕೇ ಮೊದಲು, ಈರಿಯದು ಎರಡನೆಯದು ಅಂದಳು. ಮೂರನೆಯದನ್ನು "ಇದು ಫೋನ್ ಹಾಳಾಗಿರೋದಾ?" ಅಂತ ಕೇಳಿದಳು. 7,500 ಡಾಲರ್‌ನ ಮಾತು.

ಚಳಿಯ ಪರೀಕ್ಷೆ ನಾನು ಬೇಕಂತಲೇ ಮಾಡಿದ್ದಲ್ಲ. ಈರಿಯ ಮಾಲಕಿ ಬಾಸನ್ನು ಗ್ಯಾರೇಜಿನಲ್ಲಿ ಇಟ್ಟಿದ್ದರು. ಒಳಗೆ ತಂದು ಟ್ಯೂನರ್ ಹಚ್ಚಿದರೆ ನಾಲ್ಕೂ ತಂತಿ ಶ್ರುತಿಗಿಂತ ಕೆಳಗೆ. ಒಂದು ಗಂಟೆಯಲ್ಲಿ ತಾವಾಗಿಯೇ ಮೇಲೆ ಬಂದವು. ಇಥಾಕಾದಲ್ಲಿ ಕೇಯನ್ನು ತಣ್ಣಗಿನ ವ್ಯಾನಿನಿಂದ ಇಳಿಸಿದಾಗ ಉಲ್ಟಾ, ಶ್ರುತಿ ಏರಿತ್ತು. ಮಾವನಿಗೆ ಫೋನ್ ಮಾಡಿದೆ. ಅವರು ಒಂದೇ ಉಸಿರಿಗೆ ಹೇಳಿದರು: ಚಳಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಕುಗ್ಗುತ್ತದೆ, ತಂತಿ ಸಡಿಲ ಆಗುತ್ತದೆ. ಮರ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ತಂತಿ ಮಾತ್ರ ಕುಗ್ಗಿ ಬಿಗಿಯಾಗುತ್ತದೆ. ಈರಿಯ ಸಿಂಥೆಟಿಕ್ ತಂತಿಗೆ ಅದರದ್ದೇ ಬೇರೆ ಲೆಕ್ಕ ಇರುತ್ತದೆ ಅಂತಲೂ ಸೇರಿಸಿದರು. ಹೊರಾಂಗಣ ಕಾರ್ಯಕ್ರಮಕ್ಕೆ ಲೋಹದ ಬಾಸ್ ಒಯ್ದರೆ ಒಂದು ಗಂಟೆ ಮೊದಲೇ ಹೋಗಿ. ಜನವರಿಯಲ್ಲಿ ಅದರ ಕುತ್ತಿಗೆ ಹಿಡಿಯುವುದು ಅಂದರೆ ಬೆಳಗಿನ ಜಾವ ಬೋರ್‌ವೆಲ್ ಪೈಪ್ ಹಿಡಿದ ಹಾಗೆ. ಆದರೆ ಒಣಗಾಳಿಗೆ ಅದು ಹೆದರುವುದಿಲ್ಲ. ನಾನು ಹೊರಟಿದ್ದೇ ಇದಕ್ಕಾಗಿ ಅಲ್ವಾ?

ಬೆಲೆ ಕಟ್ಟುವಾಗ ನನಗೆ ತಪ್ಪು ದಾರಿ ತೋರಿಸಿದ್ದು "ಅಪರೂಪ" ಅನ್ನುವ ಪದ. ಅಲ್ಯೂಮಿನಿಯಂ ಬಾಸ್ ಅಪರೂಪ, ನಿಜ. ಕೊಳ್ಳುವವರು ಅದಕ್ಕಿಂತ ಅಪರೂಪ. ಹೊಳೆಯುವ ಬಾಸ್‌ನ ಜಾಹೀರಾತು ನಾನು ನೋಡುವ ಹೊತ್ತಿಗೆ ಎಂಟು ತಿಂಗಳು ಹಳೆಯದು. ಕೇಳಿದ ಬೆಲೆ ಬೆಲೆಯಲ್ಲ, ಮಾರಾಟವಾದದ್ದೇ ಬೆಲೆ. ರಿಪೇರಿಯದು ಇನ್ನೊಂದು ಫಜೀತಿ. ಮರದ ಕೆಲಸದವರು ಲೋಹ ಮುಟ್ಟುವುದಿಲ್ಲ, ವೆಲ್ಡಿಂಗ್‌ನವರಿಗೆ ನಾದ ಗೊತ್ತಿಲ್ಲ. ನಮ್ಮೂರಲ್ಲಿ ಇಬ್ಬರು ಲೂಥಿಯರ್‌ಗಳನ್ನು, ಅಂದರೆ ತಂತಿವಾದ್ಯ ಮಾಡಿ ರಿಪೇರಿ ಮಾಡುವವರನ್ನು, ಕೇಳಿದೆ. ಒಬ್ಬರು ನಕ್ಕರು. ಇನ್ನೊಬ್ಬರು ಕುದುರೆ, ಫಿಂಗರ್‌ಬೋರ್ಡ್, ಸೌಂಡ್ ಪೋಸ್ಟ್ (ಹೊಟ್ಟೆಯೊಳಗೆ ನಿಲ್ಲಿಸುವ ಮರದ ಕಡ್ಡಿ) ಮಾತ್ರ ನೋಡುತ್ತೇನೆ ಅಂದರು. ಆ ಖರ್ಚನ್ನು ಕಳೆದೇ ನಾನು ಲೆಕ್ಕ ಹಾಕಿದೆ. ಹೊಳೆಯುವುದಕ್ಕೆ 4,500ಕ್ಕಿಂತ ಒಂದು ಡಾಲರ್ ಜಾಸ್ತಿ ಕೊಡಲಾರೆ. ಬಣ್ಣದ್ದಕ್ಕೆ 4,300, ಪುಟ್ಟಿ ಕಳೆದು. ಕೇಗೆ 2,600, ಅದೂ ನಾಳೆಯೇ ಮಾರಿದರೂ ವಾಪಸ್ ಬರುವ ದುಡ್ಡು.

ವಾರಕ್ಕೆ ಮೂರು ನಾಲ್ಕು ರಾತ್ರಿ ನುಡಿಸುವವರಿಗೆ ನನ್ನ ಸಲಹೆ ಕೇ. ಯಾವ ಊರಿಗೆ ಹೋದರೂ ರಿಪೇರಿ ಸಿಗುತ್ತದೆ, ನಾದ ನಂಬಬಹುದು. ಹೋಟೆಲ್ ಲಾಬಿಗೆ, ಫೋಟೋಗೆ ಬೇಕಿದ್ದರೆ ಹೊಳೆಯುವುದು. ನಾನು ತಿಂಗಳಿಗೆ ಎರಡು ಸಲ ನುಡಿಸುವವನು, ಹೀಟರ್ ಪಕ್ಕದ ಮೂಲೆ ಬಿಟ್ಟರೆ ಮನೆಯಲ್ಲಿ ಬೇರೆ ಜಾಗ ಇಲ್ಲದವನು. ಈರಿಯದನ್ನು 4,100ಕ್ಕೆ ತಂದೆ.

ವಿಡಿಯೋ ಕಾಲ್‌ನಲ್ಲಿ ಅಮ್ಮ ನೋಡಿದರು. "ಇದೇನೋ, ಹಿಂಡಾಲಿಯಂ ಡಬರಿಗೆ ಬಣ್ಣ ಬಳಿದಿದಾರೆ?" ಹೌದು ಅಂದೆ. ಕಬ್ಬಿಣದ ಸ್ಕ್ರೂ ಎರಡೂ ತೆಗೆಸಿದ್ದಾಯಿತು. ಆ ಬೇರೆ ಜಾತಿಯ ಬಿರಡೆ ಬದಲಿಸುವುದು ಇನ್ನೂ ಬಾಕಿ. ಈಗ ಎಲ್ಲಕ್ಕಿಂತ ದಪ್ಪನೆಯ ಇ ತಂತಿಯನ್ನು ಜೋರಾಗಿ ಮೀಟಿದರೆ ಒಳಗೆ ಏನೋ ಸಣ್ಣಗೆ ಗಲಗಲ ಅನ್ನುತ್ತದೆ. ಫೆಲ್ಟ್ ತುಂಡಿನ ಹಿಂದೆ ಸಿಕ್ಕಿಕೊಂಡಿರಬೇಕು. ಎಫ್ ತೂತಿನಲ್ಲಿ ತೂರುವ ಉದ್ದನೆಯ ಚಿಮಟ ಯಾರ ಹತ್ತಿರವಾದರೂ ಇದ್ದರೆ ಹೇಳಿ.