ಮಂಚಕ್ಕೆ ಅಂತ ದುಂಡನೆಯ ಕ್ರೋಶಾ ಹೊದಿಕೆ ಶುರು ಮಾಡೋ ಮುಂಚೆ ಇದನ್ನೊಮ್ಮೆ ಓದಿ

ನಮ್ಮ ಮಂಚ 6 ಅಡಿ ಅಗಲ, 6.5 ಅಡಿ ಉದ್ದ. ಅದಕ್ಕೆ ಅಂತ ನಾನು ಹೆಣೆದ ಹೊದಿಕೆ 6 ಅಡಿಯ ದುಂಡು. ಹಾಸಿದರೆ ನಾಲ್ಕೂ ಮೂಲೆ ಬೋಳು ಬೋಳು. ಐದು ತಿಂಗಳ ಸಂಜೆಗಳು ಮತ್ತು 14 ಉಂಡೆ ಉಲ್ಲನ್ ಖರ್ಚಾದ ಮೇಲೆ ಈ ಜ್ಞಾನೋದಯ ಆಯಿತು. ನೀವ್ಯಾರೂ ಹೀಗೆ ಮಾಡಿಕೊಳ್ಳಬಾರದು ಅಂತ ಬರೆಯುತ್ತಿದ್ದೇನೆ.

ನಾನು ಹೆಣೆದದ್ದು ರೌಂಡ್ ರಿಪಲ್. ನಡುವಿನಿಂದ ಶುರುವಾಗಿ, 12 ತುದಿಯ ನಕ್ಷತ್ರದ ಹಾಗೆ ಅಲೆ ಅಲೆಯಾಗಿ ಬೆಳೆಯುತ್ತಾ ಹೋಗುತ್ತದೆ. ಹೊರಗೆ ಚಾಚಿದ ತುದಿಗೆ ದಿಣ್ಣೆ ಅಂತಲೂ, ಒಳಗೆ ಸರಿದ ಜಾಗಕ್ಕೆ ತಗ್ಗು ಅಂತಲೂ ಹೆಸರಿಟ್ಟುಕೊಂಡಿದ್ದೇನೆ. ಹುಬ್ಬಳ್ಳಿ-ಧಾರವಾಡದ ಒಳರಸ್ತೆಗಳಲ್ಲಿ ಗಾಡಿ ಓಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಬ ಅಂದರೆ ಉದ್ದಕ್ಕೆ ನಿಲ್ಲುವ ಹೆಣಿಗೆ, ಸರಪಳಿ ಅಂದರೆ ಚೈನ್. ದಿಣ್ಣೆಯ ತುದಿಯಲ್ಲಿ 2 ಕಂಬ, 2 ಸರಪಳಿ, ಮತ್ತೆ 2 ಕಂಬ. ತಗ್ಗಿನಲ್ಲಿ 2 ಕಂಬ ಬಿಟ್ಟು ಮುಂದೆ ಹೋಗಬೇಕು. ತುದಿಯಲ್ಲಿ 4 ಸೇರುತ್ತದೆ, ತಗ್ಗಿನಲ್ಲಿ 2 ಹೋಗುತ್ತದೆ, ಅಂದರೆ ಪ್ರತಿ ದಿಣ್ಣೆಗೆ 2 ಕಂಬ ಹೆಚ್ಚು, ಪ್ರತಿ ಸುತ್ತಿಗೆ 24 ಹೆಚ್ಚು. ಇಷ್ಟೇ ಡಿಸೈನ್. ಒಂದು ಸಂಜೆಯಲ್ಲಿ ಕಲಿಯಬಹುದು.

ಆ ಸುಲಭವೇ ಮೋಸ. ಮೊದಲ ವಾರ ಹೊದಿಕೆ ಓಡೋಡಿ ಬೆಳೆಯಿತು. 10ನೇ ಸುತ್ತಿಗೆ ಸುಮಾರು 240 ಕಂಬ, ಒಂದು ಧಾರಾವಾಹಿ ಮುಗಿಯುವುದರೊಳಗೆ ಆ ಸುತ್ತು ಮುಗಿಯುತ್ತಿತ್ತು. 40ನೇ ಸುತ್ತಿಗೆ 960 ಕಂಬ. ಮುಕ್ಕಾಲು ಗಂಟೆ ಕೂತರೂ ಒಂದೇ ಸುತ್ತು, ಅಳತೆಯಲ್ಲಿ ನೋಡಿದರೆ ಬೆರಳಿನಷ್ಟೂ ಮುಂದೆ ಹೋಗಿಲ್ಲ.

ಉಲ್ಲನ್ ಲೆಕ್ಕವೂ ಹಾಗೇ. ಹುಬ್ಬಳ್ಳಿಯ ದುರ್ಗದಬೈಲ್ ಕಡೆಯ ಒಂದು ಅಂಗಡಿಯಲ್ಲಿ 100 ಗ್ರಾಮಿನ 10 ಉಂಡೆ ತಂದಿದ್ದೆ. ಮೊದಲ 2 ಅಡಿಗೆ ಒಂದೂವರೆ ಉಂಡೆ ಸಾಕಾಯಿತು. ಹಾಗಾದರೆ 6 ಅಡಿಗೆ ಐದು ಉಂಡೆ, ಉಳಿದದ್ದರಲ್ಲಿ ದಿಂಬಿಗೂ ಏನಾದರೂ ಮಾಡೋಣ ಅಂತ ಖುಷಿಯಾಗಿದ್ದೆ! 5 ಅಡಿಗೆ ಹತ್ತೂ ಉಂಡೆ ಖಾಲಿ. ದುಂಡನೆಯದು ಎರಡು ಪಟ್ಟು ಅಗಲ ಆದರೆ ಉಲ್ಲನ್ ನಾಲ್ಕು ಪಟ್ಟು ಬೇಕು, ಮೂರು ಪಟ್ಟು ಆದರೆ ಒಂಬತ್ತು ಪಟ್ಟು. ಹೈಸ್ಕೂಲಿನಲ್ಲಿ ಓದಿದ್ದೇ, ಆದರೆ ಕೈಯಲ್ಲಿ ಕ್ರೋಶಾ ಸೂಜಿ ಇದ್ದಾಗ ಯಾರಿಗೆ ನೆನಪಾಗುತ್ತದೆ?

ಮತ್ತೆ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ. ಅದೇ ಅಂಗಡಿ, ಅದೇ ಕಂಪನಿ, ಅದೇ ಬಣ್ಣದ ನಂಬರ್. ಲಾಟ್ ನಂಬರ್ ಮಾತ್ರ ಬೇರೆ. "ಏನೂ ಫರಕ್ ಬರಂಗಿಲ್ರಿ ಅಕ್ಕಾ" ಅಂದರು. ಟ್ಯೂಬ್‌ಲೈಟ್ ಕೆಳಗೆ ಎರಡೂ ಉಂಡೆ ಪಕ್ಕಪಕ್ಕ ಹಿಡಿದು ನೋಡಿದೆ, ನನಗೂ ಫರಕ್ ಕಾಣಲಿಲ್ಲ. 4 ಉಂಡೆ ತಂದೆ. ಆ ಕೊನೆಯ ಒಂದೇ ಒಂದು ಅಡಿಗೆ ನಾಲ್ಕೂ ಮುಗಿದವು. ಮರುದಿನ ಬೆಳಗಿನ ಬಿಸಿಲಲ್ಲಿ ಹಿತ್ತಲಿನಲ್ಲಿ ಹರಡಿದಾಗ ಎದೆ ಧಸಕ್ ಅಂತು. ಒಳಗಿನದು ಬ್ಯಾಡಗಿ ಮೆಣಸಿನಕಾಯಿಯ ಕಡು ಕೆಂಪು. ಹೊರಗಿನ ಪಟ್ಟಿ ಡಬ್ಬಿಯಲ್ಲಿ ಹಳೆಯದಾದ ಖಾರಪುಡಿಯ ಹಾಗೆ ಮಾಸಲು. ಬೇರೆ ಬೇರೆ ಸಲ ಅದ್ದಿದ ಬಣ್ಣ ಹೀಗೆ ಕೂದಲೆಳೆಯಷ್ಟು ವ್ಯತ್ಯಾಸ ಆಗುತ್ತದೆ, ಲೇಬಲ್ ಮೇಲೆ ಲಾಟ್ ನಂಬರ್ ಹಾಕುವುದೇ ಅದಕ್ಕೆ. ಅಂಗಡಿಯವರನ್ನು ಬೈದು ಏನು ಮಾಡೋದು, ನಂಬರ್ ನಾನೂ ಓದಿದ್ದೆ. ಬೇರೆ ಲಾಟ್ ತರಲೇಬೇಕಾಗಿ ಬಂದರೆ ಉಂಡೆಯನ್ನು ಅಂಗಡಿಯ ಹೊರಗೆ ತಂದು ಬಿಸಿಲಲ್ಲಿ ನೋಡಿ. ಅಥವಾ ಆ ಪಟ್ಟಿಗೆ ಪೂರ್ತಿ ಬೇರೆ ಬಣ್ಣವನ್ನೇ ಹಾಕಿಬಿಡಿ.

ಇನ್ನು ನಡುವೆ ಆದ ಒಂದು ಪೆದ್ದುತನ. 31ನೇ ಸುತ್ತಿನಲ್ಲಿ ಫೋನಿನಲ್ಲಿ ಮಾತಾಡುತ್ತಾ ಎರಡು ತಗ್ಗಿನಲ್ಲಿ ಕಂಬ ಬಿಡೋದನ್ನೇ ಮರೆತಿದ್ದೆ. ಆಮೇಲಿನ ಸುತ್ತುಗಳು ಆ ತಪ್ಪಿನ ಮೇಲೇ ಕೂತವು. 35ಕ್ಕೆ ಬರುವಷ್ಟರಲ್ಲಿ ಆ ಭಾಗ ಸೀರೆಯ ನಿರಿಗೆ ಹಾಗೆ ಎದ್ದು ನಿಂತಿತ್ತು. (ಉಲ್ಟಾ ತಪ್ಪೂ ಆಗುತ್ತದೆ. ದಿಣ್ಣೆಯಲ್ಲಿ ಹೆಚ್ಚಿಸೋದು ಮರೆತರೆ ಅಂಚು ಬಿಗಿದು ಬುಟ್ಟಿ ಹಾಗೆ ಮಡಚಿಕೊಳ್ಳುತ್ತದೆ.) ಬಿಚ್ಚಬೇಕೆಂದರೆ ಐದು ಸುತ್ತು, ಸುಮಾರು 4,000 ಕಂಬ. ಮನಸ್ಸಾಗಲಿಲ್ಲ. ಇಸ್ತ್ರಿ ಹಾಕಿ ಒತ್ತಿದರೆ ಕೂತುಕೊಳ್ಳಬಹುದು ಅಂತ ಅನಿಸಿತು. ದಯವಿಟ್ಟು ಇದೊಂದನ್ನು ಮಾಡಬೇಡಿ. ನಾನು ಉಲ್ಲನ್ ಅಂತ ಕರೆಯುತ್ತಿರೋದು ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ ಜಾತಿಯ ನೂಲು. ಕಾವಿಗೆ ಅದರ ಉಬ್ಬು, ಮೆತ್ತಗಿರೋ ಗುಣ ಎಲ್ಲಾ ಹೋಗಿ ಚಪ್ಪಟೆಯಾಗುತ್ತದೆ, ಮಿರಿಮಿರಿ ಹೊಳೆಯುತ್ತದೆ, ಮತ್ತೆ ಮೊದಲಿನ ಹಾಗೆ ಆಗೋದೇ ಇಲ್ಲ. ಅಂಗೈ ಅಗಲದ ಜಾಗ ಕೆಟ್ಟಿತು. ಕೊನೆಗೆ ಐದೂ ಸುತ್ತು ಬಿಚ್ಚಿದೆ, ಸುಟ್ಟ ನೂಲನ್ನು ಕತ್ತರಿಸಿ ಎಸೆದೆ. ಅವತ್ತಿನಿಂದ 12 ತಗ್ಗಿಗೂ ಒಂದೊಂದು ಸೇಫ್ಟಿ ಪಿನ್ನು ಚುಚ್ಚಿಟ್ಟುಕೊಂಡೆ. ಪಿನ್ನು ಬಂತಾ, ಎರಡು ಕಂಬ ಬಿಡು. ಫೋನ್ ಬಂದರೂ ಅಡ್ಡಿಯಿಲ್ಲ.

ಅಮ್ಮ ಇದನ್ನೆಲ್ಲ ನೋಡುತ್ತಾ ಕೂತಿದ್ದಳು. ಅವಳು ಮನೆಮಂದಿಗೆಲ್ಲ ಕೌದಿ ಹೊಲಿದುಕೊಟ್ಟವಳು. ಮಂಚದ ಮೇಲೆ ಹಾಸಿದ್ದು ನೋಡಿ, "ಅಳತಿ ತಗೊಳ್ಳದ ಶುರು ಮಾಡಿದ್ಯೇನ?" ಅಂದಳು. ಕೌದಿಗೆ ಮೊದಲು ಕೆಳಗಿನ ಸೀರೆ ನೆಲದ ಮೇಲೆ ಹಾಸುತ್ತಾರೆ, ಎಷ್ಟು ದೊಡ್ಡದು ಅನ್ನೋದು ಅಲ್ಲೇ ತೀರ್ಮಾನ. ಇದು ನಡುವಿನಿಂದ ಹೊರಗೆ ಬೆಳೆಯುವಂಥದ್ದು, ಎಲ್ಲಿ ನಿಲ್ಲಬೇಕು ಅಂತ ಅದಕ್ಕೆ ಗೊತ್ತಿಲ್ಲ. ನಾನು ಟೇಪು ಹಿಡಿದದ್ದು ಮಂಚದ ಅಗಲಕ್ಕೆ ಮಾತ್ರ. ಹಿಡಿಯಬೇಕಾಗಿದ್ದದ್ದು ಮೂಲೆಯಿಂದ ಎದುರು ಮೂಲೆಗೆ, ಓರೆಯಾಗಿ. ನಮ್ಮ ಮಂಚಕ್ಕೆ ಅದು 8 ಅಡಿ 10 ಇಂಚು ಬರುತ್ತದೆ. ಅಂದರೆ 9 ಅಡಿಯ ದುಂಡು ಬೇಕು. ಅಷ್ಟಾದರೆ ಎರಡೂ ಪಕ್ಕ ಒಂದೂವರೆ ಅಡಿ ಜೋತುಬೀಳುತ್ತದೆ, ಮಂಚ ತಗ್ಗಿದ್ದರೆ ನೆಲ ಗುಡಿಸುತ್ತದೆ.

ಆದ್ದರಿಂದ 2 ಅಡಿ ಆದ ಕೂಡಲೇ ನಿಲ್ಲಿಸಿ. ಕಿರಾಣಿ ಅಂಗಡಿಗೆ ಒಯ್ದು ತೂಗಿಸಿ. ನನ್ನದು 155 ಗ್ರಾಮ್ ಇತ್ತು. 6 ಅಡಿಗೆ ಅದರ 9 ಪಟ್ಟು, 1.4 ಕೆಜಿ. 9 ಅಡಿಗೆ 20 ಪಟ್ಟು, 3 ಕೆಜಿಗೂ ಮೇಲೆ, ಅಂದರೆ 32 ಉಂಡೆ. ಅಷ್ಟನ್ನೂ ಒಂದೇ ಲಾಟ್‌ನಲ್ಲಿ ಕೊಡುತ್ತಾರಾ ಅಂತ ಕೇಳಿ, ಇಲ್ಲ ಅಂದರೆ ಆ 2 ಅಡಿಯನ್ನು ಟೀಪಾಯಿಗೆ ಹಾಕಿ ಸುಮ್ನೆ ಇದ್ದುಬಿಡಿ. ಇನ್ನೊಂದು ಮಾತು, 3 ಕೆಜಿ ಹೊದಿಕೆ ನೀರು ಕುಡಿದರೆ ಎತ್ತೋಕೆ ಇಬ್ಬರು ಬೇಕು. ನನ್ನ 1.4 ಕೆಜಿಯದ್ದನ್ನೇ ಒದ್ದೆಯಾಗಿ ಹಗ್ಗಕ್ಕೆ ಹಾಕಿದ್ದಕ್ಕೆ ಜಗ್ಗಿ ಮೊಟ್ಟೆಯ ಆಕಾರ ಆಗಿತ್ತು. ನೆಲದ ಮೇಲೆ ಚಾಪೆ ಹಾಸಿ ಒಣಗಿಸಬೇಕು, ಧಾರವಾಡದ ಮಳೆಗಾಲದಲ್ಲಂತೂ ಆ ಗೋಜಿಗೇ ಹೋಗಬಾರದು.

ಬಿಚ್ಚೋ ಧೈರ್ಯ ನನಗಿಲ್ಲ. ಮಂಚದ ಮೇಲೆ ಅಮ್ಮನ ಕೌದಿ ಹಾಸಿ, ಅದರ ನಡುವೆ ಇದನ್ನು ಹರಡಿದ್ದೇನೆ. ಮೂಲೆಗಳನ್ನು ಕೌದಿ ನೋಡಿಕೊಳ್ಳುತ್ತದೆ. ಅಂಚಿನ ಬಣ್ಣ ಬೇಕಂತಲೇ ಬೇರೆ ಹಾಕಿದ್ದಾ ಅಂತ ಮೊನ್ನೆ ಒಬ್ಬರು ಕೇಳಿದರು. ಹೌದು ಅಂದೆ.